ಮಹಾಯುದ್ಧದ ಹೊಣೆ: ಎರಡು ಗ್ರಂಥಗಳ ತೂಕ

೧೯೧೯ರ ಜೂನ್ ೨೮ರಂದು ವರ್ಸೇಲ್ಸ್ ಅರಮನೆಯಲ್ಲಿ ಸಹಿಯಾದ ಒಪ್ಪಂದದ ೨೩೧ನೆಯ ವಿಧಿ ಒಂದೇ ಒಂದು ವಾಕ್ಯದ್ದು. ಅಷ್ಟು ಸಣ್ಣ ಬೀಜದಿಂದ ಅಷ್ಟು ದೊಡ್ಡ ಗ್ರಂಥಾರಣ್ಯ ಬೆಳೆದ ನಿದರ್ಶನ ಚರಿತ್ರೆಯಲ್ಲಿ ವಿರಳ. ಆಕ್ರಮಣದಿಂದ ಹೇರಲಾದ ಯುದ್ಧದಲ್ಲಿ ಎದುರಾಳಿಗಳಿಗಾದ ಸಮಸ್ತ ಹಾನಿಗೂ ತಾನೂ ತನ್ನ ಮಿತ್ರರೂ ಹೊಣೆಯೆಂದು ಜರ್ಮನಿ ಒಪ್ಪಿಕೊಳ್ಳತಕ್ಕದ್ದೆಂಬುದು ಅದರ ತಾತ್ಪರ್ಯ. 'ಅಪರಾಧ'ವೆಂಬ ಶಬ್ದ ಅದರಲ್ಲಿಲ್ಲ. ಜರ್ಮನಿಯೊಂದೇ ಎಂಬ ಮಾತೂ ಇಲ್ಲ. ಆಸ್ಟ್ರಿಯ, ಹಂಗೆರಿಗಳೊಡನೆ ಆದ ಒಪ್ಪಂದಗಳಲ್ಲಿಯೂ ಇದೇ ಒಕ್ಕಣೆಯ ವಿಧಿಗಳಿವೆ. ನಷ್ಟಪರಿಹಾರಕ್ಕೆ ಆಧಾರ ಬೇಕೆಂದು ಕಾನೂನು ಪಂಡಿತರು ಹೊಸೆದ ಈ ವಾಕ್ಯವನ್ನು ಜರ್ಮನಿಯ ಜನ ಅಪರಾಧಪತ್ರವೆಂದು ಓದಿಕೊಂಡರು. ಮಿತ್ರಪಕ್ಷದವರು ಜೂನ್ ೧೬ರ ತಮ್ಮ ಉತ್ತರದಲ್ಲಿ ಯುದ್ಧವನ್ನು ಘೋರ ಪಾತಕವೆಂದೇ ಬಣ್ಣಿಸಿದ್ದುದರಿಂದ ಆ ಓದು ತೀರ ನಿರಾಧಾರವಾದುದೂ ಅಲ್ಲ. ಅಂತೂ ಹೊಣೆ ಬೇರೆ, ಅಪರಾಧ ಬೇರೆ ಎಂಬ ವಿವೇಕ ಅಲ್ಲಿಗೇ ಕೆಟ್ಟಿತು.

ಅನಂತರ ಜರ್ಮನಿಯ ವಿದೇಶಾಂಗ ಕಚೇರಿ ಈ ಕಳಂಕವನ್ನು ತೊಳೆಯುವುದಕ್ಕಾಗಿಯೇ ಪ್ರತ್ಯೇಕ ಶಾಖೆಯೊಂದನ್ನು ನಡೆಸಿತು. ೧೯೨೨ರಿಂದ ೧೯೨೭ರವರೆಗೆ ೪೦ ಸಂಪುಟಗಳಷ್ಟು ದಾಖಲೆಗಳನ್ನು ಪ್ರಕಟಿಸಿತು. ದಾಖಲೆಗಳನ್ನು ಆಯ್ದವರ ಉದ್ದೇಶ ಆಯ್ಕೆಯಲ್ಲಿ ಇಣುಕದಿರುವುದುಂಟೇ? ಅಮೆರಿಕದ ಸಿಡ್ನಿ ಫೇ ೧೯೨೮ರಲ್ಲಿ ಹೊಣೆಯನ್ನು ಎಲ್ಲರಿಗೂ ಹಂಚಿಕೊಟ್ಟ ಮೇಲೆ, ಯೂರೋಪು ತಾನೇ ಕಾಲು ಜಾರಿ ಬಿದ್ದಿತೆಂಬ ಮಾತು ಎಲ್ಲರಿಗೂ ಹಿತವಾಗಿ ಕೇಳತೊಡಗಿತು.

ಈ ಹಿತವನ್ನು ಕೆಡಿಸಿದವನು ಹ್ಯಾಂಬರ್ಗಿನ ಪ್ರಾಧ್ಯಾಪಕ ಫ್ರಿಟ್ಸ್ ಫಿಷರ್. ಜಗದಧಿಪತ್ಯಕ್ಕೆ ಜರ್ಮನಿ ಚಾಚಿದ ಕೈಯನ್ನು ಹೆಸರಿನಲ್ಲಿಯೇ ಸೂಚಿಸುವ ಅವನ ೧೯೬೧ರ ಗ್ರಂಥಕ್ಕೆ ಆಧಾರಸ್ತಂಭವಾದುದು ಚಾನ್ಸಲರ್ ಬೆಥ್‌ಮನ್ ಹಾಲ್ವೆಗನ ಕಚೇರಿಯಲ್ಲಿ ೧೯೧೪ರ ಸೆಪ್ಟೆಂಬರ್ ೯ರಂದು ಸಿದ್ಧವಾದ ಪತ್ರ. ಫ್ರಾನ್ಸನ್ನು ಮತ್ತೆ ತಲೆಯೆತ್ತದಂತೆ ಕುಗ್ಗಿಸುವುದು, ಬೆಲ್ಜಿಯಮ್ಮನ್ನು ಅಧೀನ ರಾಜ್ಯವಾಗಿಸುವುದು, ಮಧ್ಯ ಯೂರೋಪಿನಲ್ಲಿ ಜರ್ಮನಿಯ ನಾಯಕತ್ವದ ಆರ್ಥಿಕ ಕೂಟವನ್ನು ಕಟ್ಟುವುದು, ಇವು ಅದರ ಮುಖ್ಯಾಂಶಗಳು. ಸ್ವದೇಶದ ಹಿರಿಯ ಇತಿಹಾಸಕಾರ ಗೆರ್‌ಹಾರ್ಡ್ ರಿಟ್ಟರ್ ಕೆರಳಿದನು; ೧೯೬೪ರಲ್ಲಿ ಫಿಷರನ ಅಮೆರಿಕದ ಉಪನ್ಯಾಸ ಪ್ರವಾಸಕ್ಕೆ ಕೊಡಬೇಕಾಗಿದ್ದ ಹಣವನ್ನು ಸರಕಾರ ತಡೆಹಿಡಿಯಿತು. ಅಮೆರಿಕದ ವಿದ್ವಾಂಸರು ಪ್ರತಿಭಟಿಸಿ ಅವನನ್ನು ತಾವೇ ಬರಮಾಡಿಕೊಂಡರು. ತನ್ನ ದೇಶದ ದಫ್ತರಗಳನ್ನೇ ತನ್ನ ದೇಶದ ವಿರುದ್ಧ ಸಾಕ್ಷಿಗೆ ಕರೆದ ಈ ಧೈರ್ಯ ಸಾಮಾನ್ಯವಾದುದಲ್ಲ.

ಆದರೆ ಧೈರ್ಯವು ತರ್ಕದ ಸ್ಥಾನವನ್ನು ತುಂಬಲಾರದು. ಯುದ್ಧ ತೊಡಗಿ ಐದು ವಾರಗಳ ಮೇಲೆ, ಗೆಲುವು ಕೈಗೆಟುಕಿದಂತೆ ತೋರಿದಾಗ ಬರೆದ ಆಶಾಪತ್ರವು ಜುಲೈ ತಿಂಗಳ ಸಂಕಲ್ಪಕ್ಕೆ ಪ್ರಮಾಣವಾಗುವುದು ಹೇಗೆ? ಈ ಕೊರತೆಯನ್ನು ಅರಿತೇ ಎಂಬಂತೆ ಅವನು ೧೯೬೯ರ ಎರಡನೆಯ ಗ್ರಂಥದಲ್ಲಿ ಕೈಸರನು ೧೯೧೨ರ ಡಿಸೆಂಬರ್ ೮ರಂದು ಸೇನಾಧಿಪತಿಗಳೊಡನೆ ನಡೆಸಿದ ಮಂತ್ರಾಲೋಚನೆಯತ್ತ ಬೆರಳು ತೋರಿದನು. ಅಲ್ಲಿ ಯುದ್ಧದ ಮಾತು ಬಿಸಿಯಾಗಿ ನಡೆದುದು ನಿಜ. ನಿರ್ದಿಷ್ಟ ಯೋಜನೆಯೊಂದು ಅಲ್ಲಿ ಹುಟ್ಟಿತೆನ್ನಲು ಆಧಾರ ಸಾಲದು.

ಕ್ರಿಸ್ಟೋಫರ್ ಕ್ಲಾರ್ಕನ ೨೦೧೨ರ 'ದಿ ಸ್ಲೀಪ್‌ವಾಕರ್ಸ್' ಇದಕ್ಕೆ ತೀರ ವಿರುದ್ಧ ದಿಕ್ಕಿನದು. ಅದು ಬರ್ಲಿನ್ನಿನಿಂದಲ್ಲ, ಬೆಲ್‌ಗ್ರೇಡಿನಿಂದ, ೧೯೦೩ರಲ್ಲಿ ಸೈನ್ಯಾಧಿಕಾರಿಗಳು ಸರ್ಬಿಯದ ರಾಜದಂಪತಿಗಳನ್ನು ಕೊಂದ ರಾತ್ರಿಯಿಂದ ಮೊದಲಾಗುತ್ತದೆ. ಹೀಗೆ ಸರ್ಬಿಯ, ರಷ್ಯ, ಫ್ರಾನ್ಸುಗಳೂ ಕಟಕಟೆಯ ಬಳಿಗೆ ಬರುತ್ತವೆ. ಪತ್ತೇದಾರಿ ಕಥೆಯ ಕೊಲೆಗಾರನಂತೆ ಒಬ್ಬನನ್ನು ಹಿಡಿದುಕೊಡುವುದು ಗ್ರಂಥಕರ್ತನಿಗೆ ಬೇಡ. ನಿರೂಪಣೆ ಮನೋಹರವಾದುದು. ಆದರೆ ಶೀರ್ಷಿಕೆಯ ರೂಪಕವೇ ಮೋಸದ್ದು. ನಿದ್ದೆಯಲ್ಲಿ ನಡೆಯುವವನಿಗೆ ಎದುರಿನ ಬಾವಿ ಕಾಣದು. ೧೯೧೪ರ ಜುಲೈನಲ್ಲಿ ಎಲ್ಲರಿಗೂ ಬಾವಿ ಕಂಡಿತ್ತು. ಜುಲೈ ೨೮ರಂದು ಸರ್ಬಿಯದ ಉತ್ತರವನ್ನು ಓದಿದ ಕೈಸರನು ಯುದ್ಧಕ್ಕೆ ಇನ್ನು ಕಾರಣವಿಲ್ಲವೆಂದು ಅಂಚಿನಲ್ಲಿ ಗೀಚಿದನು. ಅದೇ ದಿನ ಆಸ್ಟ್ರಿಯ ಯುದ್ಧ ಸಾರಿತು. ೨೯ರ ರಾತ್ರಿ ಜಾರನು ಸಾರ್ವತ್ರಿಕ ಸೇನಾಸನ್ನಾಹದ ಆಜ್ಞೆಯನ್ನು ಹಿಂತೆಗೆದುಕೊಂಡನು. ೩೦ರಂದು ಮತ್ತೆ ಹೊರಡಿಸಿದನು. ಅದೇ ಹೊತ್ತಿನಲ್ಲಿ ಬರ್ಲಿನ್ನಿನ ಚಾನ್ಸಲರನು ವಿಯೆನ್ನಾಕ್ಕೆ ಸಂಯಮವನ್ನು ಬೋಧಿಸುತ್ತಿದ್ದರೆ ಸೇನಾಮುಖ್ಯ ಮೋಲ್ಟ್ಕೆ ಸೇನೆಯನ್ನು ಕೂಡಿಸಿರೆಂದು ಒತ್ತಾಯಪಡಿಸುತ್ತಿದ್ದನು. ಇವರು ಎಚ್ಚರವಾಗಿದ್ದವರು, ಹಿಂಜರಿದವರು, ಹಿಂಜರಿದ ಮೇಲೂ ಮುಂದುವರಿದವರು.

ಆದ್ದರಿಂದ ಹಂಚಿಕೆ ಎಂದರೆ ಸಮಪಾಲಲ್ಲ. ಜುಲೈ ೫, ೬ರಂದು ಆಸ್ಟ್ರಿಯಕ್ಕೆ ಬೇಷರತ್ತಾದ ಅಭಯವನ್ನು ಬರ್ಲಿನ್ ಕೊಡದಿದ್ದರೆ ೨೩ರ ಅಂತಿಮಪತ್ರ ಆ ಬಗೆಯಲ್ಲಿ ಹೊರಡುತ್ತಿತ್ತೆನ್ನುವುದು ಕಷ್ಟ. ರಷ್ಯದ ಆತುರ ಎರಡನೆಯ ತಪ್ಪು, ಮೊದಲನೆಯದಲ್ಲ. ಇಟಲಿಯ ಲುಯಿಜಿ ಆಲ್ಬರ್ಟಿನಿ ಫಿಷರನಿಗಿಂತ ಮೊದಲೇ ಮೂರು ಸಂಪುಟಗಳಲ್ಲಿ ದಿನದಿನದ ಲೆಕ್ಕವಿಟ್ಟು, ಯಾರನ್ನೂ ಪೂರ್ತಿಯಾಗಿ ಬಿಡದೆ, ಹೆಚ್ಚಿನ ಭಾರವನ್ನು ಬರ್ಲಿನ್ ವಿಯೆನ್ನಾಗಳ ಮೇಲೆಯೇ ಇಟ್ಟಿದ್ದನು. ಅವನನ್ನು ಮೆಚ್ಚುವವರು ಬಹಳ, ಕೊನೆಮುಟ್ಟ ಓದಿದವರು ಕಡಮೆ.

ಈ ವಿವಾದದಲ್ಲಿ ಭಾರತ ಎಲ್ಲಿದೆ? ಫಿಷರನಲ್ಲಿ ಅದು ಬ್ರಿಟನ್ನಿನ ವಿರುದ್ಧ ದಂಗೆಯೆಬ್ಬಿಸಬಹುದಾದ ನೆಲವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ೧೯೧೪ರಲ್ಲಿ ಭಾರತವನ್ನು ಯಾರೂ ಕೇಳಲಿಲ್ಲ. ೧೯೧೯ರಲ್ಲಿ ಮಾತ್ರ ಅದರ ಹೆಸರಿನಲ್ಲಿ ಮಾಂಟೆಗುವೂ ಬಿಕಾನೇರದ ಮಹಾರಾಜ ಗಂಗಾಸಿಂಗರೂ ೨೩೧ನೆಯ ವಿಧಿಯಿದ್ದ ಅದೇ ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, ೧೯೧೮ರ ಸೆಪ್ಟೆಂಬರ್ ೨೩ರಂದು, ಮೈಸೂರಿನ ಅಶ್ವಾರೋಹಿಗಳು ಜೋಧಪುರದವರೊಡನೆ ಹೈಫಾದ ಮೇಲೆ ಏರಿಹೋಗಿದ್ದರು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರದು.