ಕಾಲೇಜಿನ ಗ್ರಂಥಾಲಯ ಯಾರಿಗಾಗಿ?

ನ್ಯಾಕ್ ತಂಡ ಬರುತ್ತದೆಂದರೆ ನಮ್ಮ ಕಾಲೇಜು ಗ್ರಂಥಾಲಯಗಳಿಗೆ ಎಲ್ಲಿಲ್ಲದ ಕಳೆ ಬಂದುಬಿಡುತ್ತದೆ. ಗೋಡೆಗೆ ಸುಣ್ಣಬಣ್ಣ, ಬಾಗಿಲ ಬಳಿ ರಂಗನಾಥನ್ ಅವರ ಭಾವಚಿತ್ರ, ಮೇಜಿನ ಮೇಲೆ ಆ ತಿಂಗಳ ಪತ್ರಿಕೆಗಳು. ಎಷ್ಟು ಪುಸ್ತಕ, ಎಷ್ಟು ಕಂಪ್ಯೂಟರ್, ವರ್ಷಕ್ಕೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ಜನ ಒಳಗೆ ಬಂದರು ಎಂಬ ಪಟ್ಟಿಯೂ ಸಿದ್ಧವಾಗುತ್ತದೆ. ಆದರೆ ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂಬ ಲೆಕ್ಕ ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೊಂದು ಪುಸ್ತಕವನ್ನು ಕಾಣದೆ ಬೆಳೆದ ಮಕ್ಕಳು ಇಂದು ನಮ್ಮ ಪದವಿ ಕಾಲೇಜುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಂಥ ಮಗುವಿಗೆ ಗ್ರಂಥಾಲಯ ಏನು ಕೊಟ್ಟಿತು ಎಂಬುದರಿಂದಲೇ ಅದನ್ನು ಅಳೆಯಬೇಕೆಂಬುದು ನಮ್ಮ ವಾದ.

ಗೋಡೆಯ ಮೇಲಿರುವ ರಂಗನಾಥನ್ ಅವರಿಂದಲೇ ಮಾತು ಆರಂಭಿಸೋಣ. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಜನಸಾಮಾನ್ಯರ ನಡುವೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಿ ಬಂದರು. ಬಂದ ಮೇಲೆ ಓದುಗರು ಕಪಾಟಿನ ಹತ್ತಿರ ತಾವೇ ಹೋಗಿ ಪುಸ್ತಕ ಆರಿಸಿಕೊಳ್ಳುವ ಪದ್ಧತಿಯನ್ನು ತಂದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳ ತಿರುಳು ಬಹಳ ಸರಳ. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಿರಬೇಕು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1972ರಲ್ಲಿ ತೀರಿಕೊಂಡದ್ದೂ ಇದೇ ನಗರದಲ್ಲಿ. ಅಂದರೆ ನಮಗೆ ಅವರು ದೂರದವರೇನೂ ಅಲ್ಲ.

ಅವರ ಭಾವಚಿತ್ರದ ಕೆಳಗೆ ನಡೆಯುವುದೇನು? ನಾವು ಕಂಡ ಅನೇಕ ಕಾಲೇಜುಗಳಲ್ಲಿ ಪುಸ್ತಕಗಳು ಬೀಗ ಹಾಕಿದ ಕಬ್ಬಿಣದ ಬೀರುಗಳಲ್ಲಿವೆ. ವಿದ್ಯಾರ್ಥಿ ಕೌಂಟರಿನ ಈಚೆ ನಿಂತು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದುಕೊಡಬೇಕು. ಇಂಥ ಪುಸ್ತಕ ಬೇಕು ಎಂದು ಹೇಳಬೇಕಾದರೆ ಅಂಥದೊಂದು ಪುಸ್ತಕ ಇದೆ ಎಂಬುದಾದರೂ ಗೊತ್ತಿರಬೇಕಲ್ಲ! ಅಪ್ಪ ಅಮ್ಮ ಓದಿಲ್ಲದ, ಮೇಷ್ಟರನ್ನು ಕೇಳಲು ಸಂಕೋಚಪಡುವ ಹುಡುಗನಿಗೆ ಪುಸ್ತಕಗಳ ಪರಿಚಯವಾಗುವುದು ಕಪಾಟಿನ ಮುಂದೆ ಸುಮ್ಮನೆ ಅಡ್ಡಾಡಿದಾಗ ಮಾತ್ರ. ಆ ಅಡ್ಡಾಟವೇ ಇಲ್ಲಿ ನಿಷಿದ್ಧ. ಹೀಗಾಗಿ ಆತ ಗೊತ್ತಿರುವ ಒಂದೇ ಹೆಸರನ್ನು, ಅಂದರೆ ಪರೀಕ್ಷೆಯ ಗೈಡಿನ ಹೆಸರನ್ನು ಬರೆದುಕೊಡುತ್ತಾನೆ. ಆಮೇಲೆ ನಾವೇ, 'ಈಗಿನ ಹುಡುಗರು ಗೈಡ್ ಬಿಟ್ಟು ಬೇರೇನೂ ಓದುವುದಿಲ್ಲ' ಎಂದು ಸಭೆಗಳಲ್ಲಿ ಭಾಷಣ ಮಾಡುತ್ತೇವೆ.

ಇದಕ್ಕೆ ಗ್ರಂಥಪಾಲಕರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಪುಸ್ತಕ ಕಳೆದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಹೇಳಬೇಕಾದವರು ಅವರು. ಎಷ್ಟೋ ಕಡೆ ಆ ಹುದ್ದೆಯೇ ಖಾಲಿ. ಅಟೆಂಡರೊಬ್ಬರು ಬೀಗದ ಕೈ ಇಟ್ಟುಕೊಂಡು ಕೂತಿರುತ್ತಾರೆ. ಕಳೆದದ್ದಕ್ಕೆ ಶಿಕ್ಷೆ ಇದೆ, ಓದಿಸಿದ್ದಕ್ಕೆ ಬಹುಮಾನವಿಲ್ಲ ಎಂದ ಮೇಲೆ ಯಾರಾದರೂ ಬೀಗವನ್ನೇ ನಂಬುತ್ತಾರೆ. ಆದರೆ ಕೇಂದ್ರ ಸರ್ಕಾರದ ಹಣಕಾಸು ನಿಯಮಗಳು ಈ ವಿಷಯದಲ್ಲಿ ನಮ್ಮ ಆಡಳಿತ ಮಂಡಳಿಗಳಿಗಿಂತ ಉದಾರವಾಗಿವೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಸಂಪುಟಗಳಿಗೆ 5 ಕಳೆದರೆ ಅದು ಸಹಜ ನಷ್ಟ. ಬೆಲೆಬಾಳುವ ಅಪರೂಪದ ಪುಸ್ತಕಗಳಿಗೆ ಮಾತ್ರ ಬೇರೆ ನಿಯಮ. ಓದಿನ ಮನೆಯಲ್ಲಿ ನಾಲ್ಕು ಪುಸ್ತಕ ಹರಿಯುತ್ತವೆ, ಕಳೆಯುತ್ತವೆ ಎಂಬುದನ್ನು ಖಜಾನೆಯವರೇ ಒಪ್ಪಿಕೊಂಡಿರುವಾಗ, ನಮ್ಮ ಕಾಲೇಜುಗಳು ಇಂಥದೊಂದು ನಿಯಮವನ್ನು ಬರೆದಿಟ್ಟುಕೊಳ್ಳಲು ಅಡ್ಡಿ ಏನು?

ಗ್ರಂಥಾಲಯಗಳು ಜನರಿಂದ ಪಡೆದದ್ದನ್ನೂ ಇಲ್ಲಿ ನೆನೆಯಬೇಕು. 1891ರಲ್ಲಿ ಎರಡು ಘಟನೆಗಳು ನಡೆದವು. ಪಟ್ನಾದಲ್ಲಿ ವಕೀಲ ಖುದಾ ಬಕ್ಷ್ ತಂದೆಯ ಕಾಲದಿಂದ ಕೂಡಿಸಿದ್ದ ಅರಬ್ಬಿ, ಫಾರ್ಸಿ ಹಸ್ತಪ್ರತಿಗಳ ಕುತುಬ್‌ಖಾನೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಇತ್ತ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಭಾಗವಾದ ಈ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟಿದ್ದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ತಂದುಕೊಟ್ಟ ಪಂಡಿತರ ಹೆಸರು ಕೂಡ ಚರಿತ್ರೆಯಲ್ಲಿ ಉಳಿದಿಲ್ಲ. ಜನ ತಮ್ಮ ಮನೆಯ ಗಂಟನ್ನು ನಂಬಿ ಕೊಟ್ಟರು, ಗ್ರಂಥಪಾಲಕ ಅದನ್ನು ಓದಿದ. ಈ ಕೊಡುಕೊಳ್ಳುವಿಕೆಯಲ್ಲಿ ಕೊಡುವ ಪಾಳಿ ಈಗ ಗ್ರಂಥಾಲಯದ್ದು.

ಅದು ಯಾರಿಗೆ ಕೊಡುತ್ತದೆ ಎಂದು ಕೇಳಿದರೆ ಮೊದಲು ಕಣ್ಣಿಗೆ ಬೀಳುವವರು ನಮ್ಮ ಹೆಣ್ಣುಮಕ್ಕಳು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಮುಂದೆ ಓದುವ ಆಸೆ ಇತ್ತು, ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಅವರಿಗೆ ಗ್ರಂಥಾಲಯವೊಂದರ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ, 27ರ ವಯಸ್ಸಿನ ಆಸುಪಾಸಿನಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಕನ್ನಡ ಓದಿದ್ದು ಎಂಬತ್ತರ ದಶಕದಲ್ಲಿ. ಒಂದು ಗ್ರಂಥಾಲಯದ ಕಾರ್ಡು ಲೇಖಕಿಯನ್ನು ಸೃಷ್ಟಿಸುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಕಾರ್ಡು ಸಿಗದೇ ಹೋದ ಎಷ್ಟು ಸಾರಾರನ್ನು ನಾವು ಕಳೆದುಕೊಂಡಿದ್ದೇವೆಂದು ಲೆಕ್ಕ ಹಾಕುವವರಿಲ್ಲ.

ಇದು ಹಳೆಯ ಕಾಲದ ಮಾತು ಎನ್ನುವವರು ಅಲಿಗಢದ ಕಡೆ ನೋಡಬೇಕು. ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯದ ಮೌಲಾನಾ ಆಜಾದ್ ಗ್ರಂಥಾಲಯ ನಮ್ಮ ಹೆಮ್ಮೆ. ಏಳು ಅಂತಸ್ತಿನ ಆ ಕಟ್ಟಡವನ್ನು 1960ರಲ್ಲಿ ನೆಹರೂ ಉದ್ಘಾಟಿಸಿದ್ದರು. ಅಲ್ಲಿಗೆ ಸ್ನಾತಕೋತ್ತರ ವಿದ್ಯಾರ್ಥಿನಿಯರು ಹೋಗಬಹುದಿತ್ತು, ಮಹಿಳಾ ಕಾಲೇಜಿನ ಪದವಿ ವಿದ್ಯಾರ್ಥಿನಿಯರಿಗೆ ಮಾತ್ರ ಪ್ರವೇಶ ಇರಲಿಲ್ಲ. 2014ರ ನವೆಂಬರ್‌ನಲ್ಲಿ ಅವರು ಸದಸ್ಯತ್ವ ಕೇಳಿದಾಗ ಕುಲಪತಿಗಳು ಜಾಗವಿಲ್ಲ ಎಂದರು. ಜೊತೆಗೆ, ಹುಡುಗಿಯರು ಬಂದರೆ ಹುಡುಗರ ಸಂಖ್ಯೆ ನಾಲ್ಕು ಪಟ್ಟಾದೀತು ಎಂಬ ಅರ್ಥದ ಮಾತನ್ನೂ ಆಡಿದರು. ಪ್ರಕರಣ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದ ಮೇಲೆ ಬಾಗಿಲು ತೆರೆಯಿತು. ಸಾರಾ ಅವರ 1963ಕ್ಕೂ ಅಲಿಗಢದ 2014ಕ್ಕೂ ನಡುವೆ ಅರ್ಧ ಶತಮಾನ ಕಳೆದಿದೆ. ಕುರ್ಚಿ ಸಾಲದಿದ್ದರೆ ಕುರ್ಚಿ ತರಿಸಬೇಕು, ಓದುವವರನ್ನು ಕಡಿಮೆ ಮಾಡಬಾರದು ಎಂಬಷ್ಟು ಸಣ್ಣ ವಿವೇಕಕ್ಕೂ ನ್ಯಾಯಾಲಯವೇ ಬೇಕಾಯಿತೆ?

ಬಾಗಿಲು ಮುಚ್ಚುವ ಕೈ ಪ್ರತಿ ಸಲವೂ ನಮ್ಮವರದೇ ಆಗಿರುವುದಿಲ್ಲ. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಕಾಲೇಜುಗಳ ಗೇಟಿನಲ್ಲಿ ಹಿಜಾಬ್ ಧರಿಸಿದ ಹುಡುಗಿಯರನ್ನು ತಡೆದದ್ದು, ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿದದ್ದು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಆಗ ಚರ್ಚೆಯೆಲ್ಲ ತರಗತಿಯ ಸುತ್ತಲೇ ನಡೆಯಿತು. ಅದೇ ಗೇಟಿನ ಒಳಗೆ ಗ್ರಂಥಾಲಯವೂ ಇತ್ತೆಂಬುದನ್ನು ಯಾರೂ ಎತ್ತಲಿಲ್ಲ. ಮನೆಯಲ್ಲೇ ಕೂತು ಪರೀಕ್ಷೆಗೆ ಓದಬೇಕಾಗಿ ಬಂದ ಹುಡುಗಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪುಸ್ತಕ. ಆ ದಿನಗಳಲ್ಲಿ ಅಕ್ಕಪಕ್ಕದ ಮುಸ್ಲಿಂ ಸಂಸ್ಥೆಗಳ ಕಾಲೇಜುಗಳಾದರೂ ತಮ್ಮ ಗ್ರಂಥಾಲಯಗಳನ್ನು ಹೊರಗಿನ ಹುಡುಗಿಯರಿಗೆ ತೆರೆಯಬಹುದಿತ್ತು. ಮನವಿಪತ್ರ, ಪತ್ರಿಕಾ ಹೇಳಿಕೆಗಳ ಭರಾಟೆಯಲ್ಲಿ ಇಷ್ಟು ಸರಳ ಕೆಲಸ ನಮ್ಮ ಮುಖಂಡರಿಗೆ ಹೊಳೆದ ಹಾಗೆ ಕಾಣಲಿಲ್ಲ. ಓದು ಎಂಬ ಆದೇಶದಿಂದಲೇ ಆರಂಭವಾದ ಧರ್ಮ ನಮ್ಮದು ಎಂದು ಜಲ್ಸಾಗಳಲ್ಲಿ ಹೇಳುವವರು, ತಮ್ಮದೇ ಕಾಲೇಜಿನ ಗ್ರಂಥಾಲಯ ಸಂಜೆ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಲಿ.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಎಸ್ಸೆಸ್ಸೆಲ್ಸಿವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಅಲ್ಲಿಂದ ಕನ್ನಡಕ್ಕೋ ಇಂಗ್ಲಿಷಿಗೋ ಒಮ್ಮೆಲೇ ಜಿಗಿಯಬೇಕಾದ ಮಕ್ಕಳ ಪಾಡನ್ನು ಎರಡೂ ಭಾಷೆಗಳಲ್ಲಿ ಓದಿದ ನಾವು ಬಲ್ಲೆವು. ಈ ಜಿಗಿತಕ್ಕೆ ಸೇತುವೆಯಾಗಬೇಕಾದದ್ದು ಕಾಲೇಜಿನ ಗ್ರಂಥಾಲಯ. ಉರ್ದು ಕಪಾಟಿನ ಪಕ್ಕದಲ್ಲೇ ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿದ್ದರೆ, ತನ್ನ ಮನೆಯ ಮಾತುಕತೆಯೇ ಕನ್ನಡದಲ್ಲಿ ಕೇಳಿಬರುವುದನ್ನು ಆ ಹುಡುಗಿ ಕಾಣುತ್ತಾಳೆ. ಕನ್ನಡ ಆಕೆಗೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುವುದಿಲ್ಲ. ಉರ್ದು ಬಾರದ ಸಹಪಾಠಿಗೂ ಪಕ್ಕದ ಮನೆಯ ಬದುಕು ತಿಳಿಯುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಸನ್ಮಾನಗಳು ನಡೆದವು, ಶಾಲುಗಳು ಹಾರಿದವು. ಅವರ ಕನ್ನಡ ಸಂಕಲನಗಳು ನಮ್ಮ ಎಷ್ಟು ಕಾಲೇಜುಗಳ ಕಪಾಟಿಗೆ ಬಂದವು ಎಂಬುದನ್ನು ಓದುಗರು ತಮ್ಮ ಊರಿನಲ್ಲೇ ಹೋಗಿ ನೋಡಬಹುದು.

ಇನ್ನು ಕಂಪ್ಯೂಟರಿನ ಭರವಸೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು. ಸರ್ಕಾರಿ ಆಡಳಿತದ 6,300ಕ್ಕೂ ಹೆಚ್ಚು ಸಂಸ್ಥೆಗಳು. ಸಂಶೋಧಕರಿಗೆ ಇದು ದೊಡ್ಡ ಉಪಕಾರವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪತ್ರಿಕೆಗಳ ಭಾಷೆ ಬಹುಪಾಲು ಇಂಗ್ಲಿಷ್. ತಾಲ್ಲೂಕು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ. ಓದುವ ಹುಡುಗನಿಗೆ ಬೇಕಾದದ್ದು ಅರ್ಥವಾಗುವ ಕನ್ನಡದ ಒಳ್ಳೆಯ ಚರಿತ್ರೆ ಪುಸ್ತಕ, ಒಂದು ನಿಘಂಟು, ಗದ್ದಲವಿಲ್ಲದ ಒಂದು ಮೇಜು. ಮೂರು ಮಂದಿ ಮಲಗುವ ಕೋಣೆಯಲ್ಲಿ ಮೊಬೈಲ್ ಹಿಡಿದು ಓದುವವನಿಗೆ ಆ ಮೇಜಿನ ಬೆಲೆ ಗೊತ್ತು.

ಕಾಲೇಜಿನ ಕಾಂಪೌಂಡಿನ ಆಚೆ ನೋಡಿದರೆ, ಸಣ್ಣವರೇ ದೊಡ್ಡ ಕೆಲಸ ಮಾಡಿದ್ದಾರೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆ ವಹಿಸಿಕೊಂಡ ಮೇಲೆ, 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮೈಸೂರಿನ ರಾಜೀವ್ ನಗರದಲ್ಲಿ ಕೂಲಿ ಕೆಲಸ ಮಾಡುತ್ತಿದ್ದ ಸೈಯದ್ ಇಸಾಕ್, ಜನ ಕನ್ನಡ ಓದಲಿ ಎಂದು ಒಂದು ಸಣ್ಣ ಗ್ರಂಥಾಲಯ ನಡೆಸುತ್ತಿದ್ದರು. ಸುಮಾರು 11,000 ಪುಸ್ತಕಗಳಿದ್ದ ಅದು 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ, ಜಾತಿ ಧರ್ಮ ನೋಡದೆ ಜನ ನೆರವಿಗೆ ಮುಂದಾದರು. ಅಕ್ಷರ ಕಲಿಯುವ ಭಾಗ್ಯವಿಲ್ಲದ ಕೂಲಿಯವರೊಬ್ಬರು ಬೀದಿಯವರಿಗೆಲ್ಲ ತೆರೆದಿಟ್ಟದ್ದನ್ನು, ವಿದ್ವಾಂಸರಿರುವ ಕಾಲೇಜುಗಳು ಗುರುತಿನ ಚೀಟಿ ಇದ್ದವರಿಗೂ ಮನಸ್ಸು ಬಿಚ್ಚಿ ಕೊಡುವುದಿಲ್ಲ.

ಆಗಬೇಕಾದ ಕೆಲಸಕ್ಕೆ ಕೋಟಿಗಳ ಅಗತ್ಯವಿಲ್ಲ. ಒಂದು ಬೀರುವಿನ ಬೀಗವನ್ನಾದರೂ ಮೊದಲು ತೆಗೆಯಲಿ. ಪರೀಕ್ಷೆಯ ಎರಡು ತಿಂಗಳು ರಾತ್ರಿ ಎಂಟರವರೆಗೆ ಓದುವ ಕೋಣೆ ತೆರೆದಿರಲಿ, ಹುಡುಗಿಯರು ಮನೆ ಸೇರುವ ಏರ್ಪಾಡನ್ನೂ ಕಾಲೇಜೇ ಮಾಡಲಿ. ಓದು ಬಿಟ್ಟವರಿಗೆ, ಮೊಹಲ್ಲಾದ ತಾಯಂದಿರಿಗೆ ಸಣ್ಣ ಠೇವಣಿಯ ಮೇಲೆ ಕಾರ್ಡು ಸಿಗಲಿ. ಶನಿವಾರ ಮಧ್ಯಾಹ್ನ ಹತ್ತಿರದ ಉರ್ದು ಶಾಲೆಯ, ಕನ್ನಡ ಶಾಲೆಯ ಮಕ್ಕಳನ್ನು ಒಟ್ಟಿಗೆ ಕರೆದು ಕಪಾಟುಗಳ ನಡುವೆ ಬಿಡಲಿ. ನಮ್ಮ ಸಮುದಾಯದ ಸಂಸ್ಥೆಗಳು ಇದನ್ನು ಮೊದಲು ಮಾಡಿ ತೋರಿಸಿದರೆ, ಸರ್ಕಾರಿ ಕಾಲೇಜುಗಳ ಬಾಗಿಲು ಬಡಿಯುವ ನೈತಿಕ ಹಕ್ಕು ನಮಗೆ ತಾನಾಗಿ ಬರುತ್ತದೆ. ಬರುವ ಶೈಕ್ಷಣಿಕ ವರ್ಷದ ಪ್ರವೇಶ ಅರ್ಜಿಗಳು ಹೊರಡುವುದರೊಳಗೆ ಯಾವ ಆಡಳಿತ ಮಂಡಳಿಯಾದರೂ ಇವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡರೆ, ಆ ಸುದ್ದಿಯನ್ನು ಇದೇ ಪುಟಗಳಲ್ಲಿ ಬರೆಯಲು ನಾವು ಸಂತೋಷದಿಂದ ಕಾಯುತ್ತೇವೆ.