ಬಾಣ ಯಾರದು?

ಟೆಕ್ಸಾಸ್‌ನಲ್ಲಿ ಗೈಡ್ ಸಮೇತ ಕಾಡುಹಂದಿ ಬೇಟೆ ದುಡ್ಡಿಗೆ ಸಿಗುತ್ತೆ. ಅದರಲ್ಲಿ ಅಗ್ಗದ್ದು ಆರಿಸೋದು ಹೇಗೆ ಅಂತ ಆನ್‌ಸೈಟ್ ಗೆಳೆಯರು ಕೇಳ್ತಾರೆ. ಮೊದಲು ಭಾರವಿಯ ‘ಕಿರಾತಾರ್ಜುನೀಯ’ ಓದ್ರಪ್ಪಾ ಅಂತೀನಿ.

ಭಾರವಿ ನಮ್ಮ ಕಡೆಗೆ ಹೊಸಬನಲ್ಲ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಭಾರವಿಯ ಕಾವ್ಯದಲ್ಲಿ ಅರ್ಜುನ, ಶಿವ ಇಬ್ಬರೂ ಒಂದೇ ಹಂದಿಗೆ ಬಾಣ ಬಿಡ್ತಾರೆ. ಹಂದಿ ಬೇಗ ಸಾಯುತ್ತೆ, ಬಾಣದ ಜಗಳ ಮುಗಿಯೋದೇ ಇಲ್ಲ. ಬೇಟೆಗಾರನಿಗೆ ಬೇಕಾದ್ದು ‘ನಾನು ಹೊಡೆದೆ’ ಅನ್ನೋ ಮಾತು ಅಂತ ಭಾರವಿಗೆ ಚೆನ್ನಾಗಿ ಗೊತ್ತಿತ್ತು. ಪ್ಯಾಕೇಜಿನವರು ಮಾರೋದೂ ಅದನ್ನೇ: ಜಾಗ ಹುಡುಕೋದು ಗೈಡ್, ಫೋಟೋ ನಿಮ್ಮದು.

ಆದರೂ ಒಂದು ತಕರಾರಿದೆ. ಭಾರವಿಯ ಹಂದಿ ವೇಷ ಹಾಕಿದ ದಾನವ, ಸತ್ತರೆ ಅಳುವವರಿಲ್ಲ. ನಿಜವಾದ ಹಂದಿಗೂ, ಗೋವಿನಜೋಳ ಕಾಯುತ್ತಾ ರಾತ್ರಿಯೆಲ್ಲಾ ಹೊಲದಲ್ಲಿ ಕೂರುವ ರೈತನಿಗೂ ಅಲ್ಲಿ ಜಾಗವಿಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಜಾಗ ಸಿಕ್ಕಿದೆ. 578ರ ಆ ಗುಹೆಯ ವರಾಹ ಭೂದೇವಿಯನ್ನು ಎತ್ತಿ ನಿಂತಿದ್ದಾನೆ. ಹೊಲ ಅಗೆಯುವ ಮೂತಿಯೇ ಭೂಮಿಯನ್ನು ಕಾಯುತ್ತೆ. ಚಾಲುಕ್ಯರ ಲಾಂಛನವೂ ಅದೇ. ಬೆಳೆ ಕಳಕೊಂಡವರ ನಾಡಿನಲ್ಲಿ ಹಂದಿಯನ್ನು ಹೀಗೆ ಕೆತ್ತೋಕೆ ಧೈರ್ಯ ಬೇಕು. ಈ ಶಿಲ್ಪ ನನಗೆ ಭಾರವಿಗಿಂತ ದೊಡ್ಡದು.

ನಮ್ಮಲ್ಲಿ ಮೋಜಿನ ಬೇಟೆಗೆ 1972ರ ಕಾಯ್ದೆಯಲ್ಲಿ ಅವಕಾಶವಿಲ್ಲ. ಬೆಳೆ ಹಾನಿಗೆ ಪರಿಹಾರ ಬೇಗ ಕೊಡಿಸೋದು ಬೇರೆ ಹೋರಾಟ, ಅದಕ್ಕೆ ಬಂದೂಕಿಗಿಂತ ತಾಳ್ಮೆ ಬೇಕು. ಗೈಡ್ ಸಮೇತ, ಕಡಿಮೆ ಖರ್ಚಿನಲ್ಲಿ ಹಂದಿ ನೋಡಬೇಕು ಅನ್ನೋರು ಬಾದಾಮಿ ಬಸ್ ಹತ್ತಿ.