ಶಾಖ ಪಂಪು: ಸಹಾಯಧನವೊಂದೇ ಸಾಕೇ?

ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಶಾಖ! ಇದು ಶಕ್ತಿ ಸಂರಕ್ಷಣಾ ನಿಯಮಕ್ಕೆ ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಉಳಿದೆರಡು ಯೂನಿಟ್ ಹೊರಗಿನ ಗಾಳಿಯಿಂದ ಬಂದದ್ದು. ಶಾಖ ಪಂಪು ಅದನ್ನು ಮನೆಯೊಳಕ್ಕೆ ಸಾಗಿಸುತ್ತದೆ, ಅಷ್ಟೆ.

ಗ್ಯಾಸ್ ಬಾಯ್ಲರ್ ಬದಲು ಈ ಪಂಪನ್ನು ಅಳವಡಿಸುವವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಿಂದ ಸಹಾಯಧನವಿದೆ. 2023ರಲ್ಲಿ ಅದು 5,000 ಪೌಂಡಿನಿಂದ 7,500 ಪೌಂಡಿಗೆ ಏರಿತು. ಸ್ವಾಗತಾರ್ಹವೇ. ಆದರೆ ಲೆಕ್ಕ ಹಾಕಿ ನೋಡಿ. ಮನೆಗೆ 90 ಯೂನಿಟ್ ಶಾಖ ಬೇಕೆನ್ನೋಣ. ಶೇಕಡಾ 90 ದಕ್ಷತೆಯ ಬಾಯ್ಲರಿಗೆ 100 ಯೂನಿಟ್ ಅನಿಲ ಬೇಕು. ಪಂಪಿಗೆ 30 ಯೂನಿಟ್ ವಿದ್ಯುತ್ತು ಸಾಕು. 2023ರ ಕೊನೆಯಲ್ಲಿ ಅಲ್ಲಿ ವಿದ್ಯುತ್ ದರ ಅನಿಲದ ಸುಮಾರು ನಾಲ್ಕು ಪಟ್ಟಿತ್ತು. ಅಂದರೆ ಪಂಪಿನ ಖರ್ಚು 120 ಯೂನಿಟ್ ಅನಿಲಕ್ಕೆ ಸಮ. ಶಕ್ತಿ ಉಳಿಸಿದವರಿಗೇ ದಂಡ!

ಪರಿಸರ ಯೋಜನೆಗಳ ಶುಲ್ಕವನ್ನು ಬಹುಪಾಲು ವಿದ್ಯುತ್ತಿನ ಮೇಲೆಯೇ ಹೊರಿಸಿದ್ದು ಇದಕ್ಕೊಂದು ಕಾರಣ. ಸ್ವೀಡನ್ ಇದಕ್ಕೆ ವ್ಯತಿರಿಕ್ತ ದಾರಿ ಹಿಡಿಯಿತು: 1991ರಲ್ಲೇ ಇಂಗಾಲ ತೆರಿಗೆ ವಿಧಿಸಿ ತೈಲವನ್ನು ದುಬಾರಿಯಾಗಿಸಿತು. ಆ ಚಳಿನಾಡಿನಲ್ಲಿ ಇಂದು ಶಾಖ ಪಂಪು ಮನೆಮನೆಯ ಸಾಮಾನ್ಯ ಉಪಕರಣ.

ನಮ್ಮ ಲೆಕ್ಕದಂತೆ, ದರಗಳ ಅನುಪಾತ 3.3ಕ್ಕಿಂತ ಕೆಳಗಿಳಿಯದೆ ಪಂಪು ಲಾಭದಾಯಕವಲ್ಲ. ಉಷ್ಣಗತಿವಿಜ್ಞಾನದ ಪಾಠದಲ್ಲಿ ಈ ಲೆಕ್ಕವನ್ನೂ ಮಾಡಿಸಿ. ಯಂತ್ರದ ದಕ್ಷತೆಯನ್ನು ನಿಸರ್ಗ ಮಿತಿಗೊಳಿಸುತ್ತದೆ. ದರದ ಅನುಪಾತವನ್ನು ನಿರ್ಧರಿಸುವುದರಲ್ಲಿ ಸರ್ಕಾರದ ಪಾಲು ದೊಡ್ಡದು.